ಎಮ್ಮೆಗೆ ಹೇಳಿದ ಮಾತನ್ನು ಎಲ್ಲಿ ಬರೆಯಬೇಕು?

ಬೆಳಗಿನ ಆರೂಕಾಲು. ವಿಜಯಪುರದಿಂದ ಹೊರಟ ಮೊದಲ ಬಸ್ಸು ನಿಡೋಣಿಯಲ್ಲಿ ನಿಲ್ಲುತ್ತದೆ. ಹೆಗಲಿಗೊಂದು ಬ್ಯಾಗು ಹಾಕಿಕೊಂಡು, ಸಮೀಕ್ಷೆಯ ಫಾರಂಗಳ ಫೈಲನ್ನು ಎದೆಗೆ ಅವುಚಿಕೊಂಡು ಗೌತಮಿ ಇಳಿಯುತ್ತಾರೆ. ಜನ ಹೊಲಕ್ಕೆ ಹೋಗುವ ಮುನ್ನ ಎರಡು ಮನೆಯನ್ನಾದರೂ ಮುಗಿಸಬೇಕು. ಮೊದಲ ಮನೆಯ ಅಂಗಳದಲ್ಲಿ ಬಸಗೊಂಡಪ್ಪ ಹಲ್ಲುಜ್ಜುತ್ತ ನಿಂತಿದ್ದಾರೆ. ನಿನ್ನೆ ಇಡೀ ದಿನ ಯಾರ್ಯಾರ ಜೊತೆ ಮಾತಾಡಿದಿರಿ ಎಂದು ಗೌತಮಿ ಕೇಳುತ್ತಾರೆ. ಅವರು ಬಾಯಿ ಮುಕ್ಕಳಿಸಿ, ಸಾಕಷ್ಟು ಹೊತ್ತು ಯೋಚಿಸಿ, ಮೂವರ ಹೆಸರು ಹೇಳುತ್ತಾರೆ. ತನ್ನ ಹೆಸರೇಕಿಲ್ಲ ಎಂದು ಒಳಗಿನಿಂದ ಹೆಂಡತಿಯ ದನಿ ಬರುತ್ತದೆ.

"ಆಕಿ ಜೋಡಿ ಆಡೂದು ಮಾತಲ್ರಿ, ಅದು ದಿನಾ ಇರೂದು" ಎನ್ನುತ್ತಾರೆ ಬಸಗೊಂಡಪ್ಪ.

ಗೌತಮಿಯ ಪೆನ್ನು ಅಲ್ಲೇ ನಿಲ್ಲುತ್ತದೆ. ಮೂವರೆಂದು ಬರೆಯಬೇಕೋ ನಾಲ್ವರೆಂದೋ? ಉತ್ತರ ಕೊಡುವವರು ಹೇಳಿದ್ದನ್ನಷ್ಟೇ ಬರೆಯಬೇಕೆಂಬುದು ನಿಯಮ. ಮೂವರನ್ನೇ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಮನಸ್ಸು ಮಾತ್ರ ಹಿಂದಿನ ಪ್ರಶ್ನೆಯಲ್ಲೇ ಉಳಿದಿರುತ್ತದೆ.

ಮೂವತ್ತೆಂಟು ವರ್ಷದ ಗೌತಮಿ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ತಾಯಿ ಸಾವಂತ್ರವ್ವ ಅವರ ಜೊತೆ ಇದ್ದಾರೆ. ತಂದೆ ಸಾಬಣ್ಣ ಮನೆ ಕಟ್ಟುವ ಗೌಂಡಿಯಾಗಿದ್ದರು. ಮಗಳು ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿದ ವರ್ಷವೇ ತೀರಿಕೊಂಡರು. ಅಂದಿನಿಂದ ಹದಿನಾಲ್ಕು ವರ್ಷ, ಸಮೀಕ್ಷೆ ಯಾರದ್ದಾದರೂ ಮನೆ ಮನೆ ತಿರುಗುವುದು ಗೌತಮಿಯ ಕೆಲಸ. ಯಾರ ಮನೆಯಲ್ಲಿ ಶೌಚಾಲಯವಿದೆ, ಯಾರ ಕೂಸಿನ ತೂಕ ಎಷ್ಟು ಎಂದೆಲ್ಲ ಕೇಳಿದ್ದಾರೆ. ಅವೆಲ್ಲ ಕಣ್ಣಿಗೆ ಕಾಣುವ ಸಂಗತಿಗಳು. ಈಗ ಎರಡು ವರ್ಷದಿಂದ ವಿಶ್ವವಿದ್ಯಾಲಯವೊಂದರ ತಂಡದ ಸಂಶೋಧನೆಗೆ ಕೆಲಸ ಮಾಡುತ್ತಿದ್ದಾರೆ. ಜನ ಯಾರ ಜೊತೆ ಮಾತಾಡುತ್ತಾರೆ, ಆ ಮಾತಿನಿಂದ ಸಂಬಂಧ ಹೇಗೆ ಉಳಿಯುತ್ತದೆ, ಹೇಗೆ ಅಳಿಯುತ್ತದೆ ಎಂಬುದು ಅದರ ವಿಷಯ.

ಒಂದು ಫಾರಮಿಗೆ ನಲವತ್ತಾರು ಪ್ರಶ್ನೆ, ಐವತ್ತು ನಿಮಿಷ. ದಿನಕ್ಕೆ ಆರು ಮನೆ. ತಿಕೋಟಾ, ಬಬಲೇಶ್ವರ, ನಿಡೋಣಿ, ಸಾರವಾಡ ಸೇರಿ ಇದುವರೆಗೆ ಏಳುನೂರ ನಲವತ್ತು ಫಾರಂ ತುಂಬಿದ್ದಾರೆ. ವರದಿ ಅಚ್ಚಾದಾಗ ಅದರಲ್ಲಿ ಅವರ ಹೆಸರಿರುವುದಿಲ್ಲ. 'ಕ್ಷೇತ್ರ ಸಿಬ್ಬಂದಿ' ಎಂದಿರುತ್ತದೆ.

ಬಾಗಿಲಿಗೆ ಹೋದರೆ ಮೊದಲು ಅವರೇ ಉತ್ತರ ಕೊಡಬೇಕಾಗುತ್ತದೆ. ಇದರಿಂದ ಯಾವ ಸ್ಕೀಮು ಬರುತ್ತದೆ ಎಂದು ಕೇಳುವವರೇ ಹೆಚ್ಚು. ಆಮೇಲೆ ಯಾವ ಜನ, ಅಂದರೆ ಯಾವ ಜಾತಿ, ಎಂಬ ಪ್ರಶ್ನೆ. ಬೌದ್ಧರು ಎಂದು ಗೌತಮಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

"ಹೇಳಿದ ಮ್ಯಾಲ ಕೆಲವರು ಒಳಗ ಕರದು ಚಾ ಕೊಡ್ತಾರ್ರಿ. ಕೆಲವರು ಹೊರಗ ಕಟ್ಟಿ ಮ್ಯಾಲ ಕುಂದರಸ್ತಾರ. ಅಲ್ಲೇ ಕುಂತು, ನಿಮ್ಮ ಮನಿಗೆ ಯಾರ್ಯಾರು ಬಂದು ಹೋಗ್ತಾರ ಅಂತ ಕೇಳಬೇಕು. ನನ್ನ ಎಲ್ಲಿ ಕುಂದರಿಸಿದ್ರು ಅನ್ನೂದಕ್ಕ ಫಾರಮಿನ್ಯಾಗ ಜಾಗಾ ಇಲ್ಲ."

ಇಷ್ಟೆಲ್ಲ ಪಳಗಿದ ಗೌತಮಿಗೆ ದಿಕ್ಕು ತಪ್ಪಿದ್ದು ಕಳೆದ ವರ್ಷ, ಸಾರವಾಡದಲ್ಲಿ. ಅಲ್ಲಿ ಕಾಳವ್ವ ಮತ್ತು ಸೌಭಾಗ್ಯ ಎಂಬ ನೆಗೆಣ್ಣಿಯರಿದ್ದಾರೆ. ಕಾಳವ್ವ ಅಣ್ಣನ ಹೆಂಡತಿ, ಸೌಭಾಗ್ಯ ತಮ್ಮನ ಹೆಂಡತಿ. ಮನೆ ಪಾಲಾದ ಮೇಲೆ ನಡುವೆ ಎದೆಮಟ್ಟದ ಗೋಡೆ ಎದ್ದಿದೆ. ಕಾಳವ್ವನ ಮನೆ ರಸ್ತೆಗೆ, ಸೌಭಾಗ್ಯರದು ಹಿಂದಕ್ಕೆ. ಕಳೆದ ಏಳು ದಿನಗಳಲ್ಲಿ ನಿಮ್ಮ ನೆಗೆಣ್ಣಿಯ ಜೊತೆ ಮಾತಾಡಿದ್ದೀರಾ ಎಂದು ಗೌತಮಿ ಇಬ್ಬರನ್ನೂ ಬೇರೆ ಬೇರೆ ಕೇಳಿದರು. ಎಂಟು ವರ್ಷದಿಂದ ಒಂದು ಮಾತೂ ಇಲ್ಲ ಎಂದರು ಕಾಳವ್ವ. ದಿನಾ ಮಾತಾಡುತ್ತೇವೆ ಎಂದರು ಸೌಭಾಗ್ಯ.

ವಾರದೊಳಗೆ ಎರಡೂ ಫಾರಂ ಆಫೀಸಿನಿಂದ ವಾಪಸ್ಸು ಬಂದವು. ಉತ್ತರ ತಾಳೆಯಾಗುತ್ತಿಲ್ಲ; ಮನೆಯಲ್ಲೇ ಕುಳಿತು ತುಂಬಿದಂತಿದೆ ಎಂದು ಯಾರೋ ಅಂಚಿನಲ್ಲಿ ಬರೆದಿದ್ದರು. ಹದಿನಾಲ್ಕು ವರ್ಷದಲ್ಲಿ ಗೌತಮಿ ಅಂಥ ಮಾತು ಕೇಳಿದ್ದು ಅದೇ ಮೊದಲು. ಮರುದಿನವೇ ಸಾರವಾಡದ ಬಸ್ಸು ಹತ್ತಿದರು.

ಅವರು ಹೋದ ಹೊತ್ತಿಗೆ ಸರಿಯಾಗಿ ನಲ್ಲಿ ನೀರು ಬಂತು. ಆ ಊರಲ್ಲಿ ನೀರಿಗೆ ಗೊತ್ತಾದ ಹೊತ್ತಿಲ್ಲ, ಬಂದಾಗ ಹಿಡಿಯಬೇಕು; ಬಂದದ್ದು ರಸ್ತೆಯ ಕಡೆಯ ಮನೆಗೆ ಮೊದಲು ತಿಳಿಯುತ್ತದೆ. ಗೋಡೆಯ ಪಕ್ಕ ಕಟ್ಟಿದ್ದ ಎಮ್ಮೆಯ ಬೆನ್ನು ತಟ್ಟುತ್ತ ಕಾಳವ್ವ ಗಟ್ಟಿಯಾಗಿ, ನೀರು ಬಂದಿದೆ, ಇವತ್ತು ಸಣ್ಣಗೆ ಬರುತ್ತಿದೆ, ಬೇಗ ಹಿಡಿದುಕೋ ಎಂದರು. ಆಮೇಲೆ ಯಾರ ಮನೆಯಲ್ಲಿ ಹೆಣ್ಣು ನೋಡಲು ಬಂದಿದ್ದಾರೆ, ಓಣಿಯ ಶಂಕ್ರೆಪ್ಪನ ಸೊಂಟನೋವು ಹೇಗಿದೆ ಎಂಬುದನ್ನೂ ಎಮ್ಮೆಗೆ ಹೇಳಿದರು. ಗೋಡೆಯಾಚೆ ಕೊಡಗಳ ಸದ್ದಾಯಿತು. ನಡುವೆ ಒಮ್ಮೆ ಸೌಭಾಗ್ಯ ನಕ್ಕದ್ದೂ ಕೇಳಿಸಿತು.

ಸೌಭಾಗ್ಯ ಅದನ್ನು ಮಾತೆಂದು ಎಣಿಸಿದ್ದರು. ಕಾಳವ್ವ ಎಣಿಸಿರಲಿಲ್ಲ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆದರೆ ಫಾರಮಿನಲ್ಲಿರುವುದು 'ಹೌದು', 'ಇಲ್ಲ' ಎರಡೇ.

ಆ ಗೊಂದಲದಲ್ಲಿ ಗೌತಮಿ ಮಾಡಬಾರದ್ದೊಂದನ್ನು ಮಾಡಿಬಿಟ್ಟರು. ಒಬ್ಬರ ಉತ್ತರವನ್ನು ಇನ್ನೊಬ್ಬರಿಗೆ ಹೇಳಬಾರದೆಂಬುದು ಈ ಕೆಲಸದ ಮೊದಲ ಪಾಠ. "ಅಲ್ಲಬೇ, ಸೌಭಾಗ್ಯಾರು ದಿನಾ ಮಾತಾಡ್ತೀವಿ ಅಂತ ಹೇಳ್ಯಾರಲ್ಲ" ಎಂದು ಬಾಯಿ ತಪ್ಪಿ ಕಾಳವ್ವನ ಎದುರು ಅಂದುಬಿಟ್ಟರು. ಕಾಳವ್ವನ ಕೈ ಎಮ್ಮೆಯ ಬೆನ್ನ ಮೇಲೆ ಹಾಗೇ ನಿಂತಿತು.

"ನಾ ಆಕಿಗೆ ಹೇಳಿಲ್ಲ ತಂಗಿ. ನನ್ನ ಎಮ್ಮಿಗೆ ಹೇಳೇನಿ" ಎಂದಷ್ಟೇ ಹೇಳಿ ಅವರು ಒಳಗೆ ಹೋದರು.

ಹತ್ತು ದಿನ ಬಿಟ್ಟು ಹೋದಾಗ ಎಮ್ಮೆ ಗೋಡೆಯ ಪಕ್ಕದಲ್ಲಿರಲಿಲ್ಲ. ರಸ್ತೆಯ ಕಡೆ ಕಟ್ಟಿದ್ದರು. ಕಾಳವ್ವ ಬಾಯಿ ಬಿಡದೆ ನೀರು ತುಂಬುತ್ತಿದ್ದರು. ಹಿಂದಿನ ಮನೆಯ ಸೌಭಾಗ್ಯರಿಗೆ ಎರಡು ಸಲ ನೀರು ತಪ್ಪಿ, ಪಕ್ಕದ ಓಣಿಯಿಂದ ಹೊತ್ತು ತಂದಿದ್ದರು. ಕಾಳವ್ವನಿಗೆ ಏನಾಗಿದೆ ಎಂದು ಅವರು ಗೌತಮಿಯನ್ನೇ ಕೇಳಿದರು. ತನ್ನ ಬಾಯಿಂದಲೇ ಹೀಗಾಯಿತೆಂದು ಗೌತಮಿ ಹೇಳಿಬಿಟ್ಟರು. ಸೌಭಾಗ್ಯ ಬೈಯಲಿಲ್ಲ, ಕೊಡ ಎತ್ತಿಕೊಂಡು ನೀರಿಗೆ ಹೋದರು.

ಆಫೀಸಿಗೆ ಹೋಗಿ ಸಂಶೋಧನೆಯ ಮುಖ್ಯಸ್ಥೆ ಶೈಲಶ್ರೀ ಅವರ ಮುಂದೆಯೂ ಒಪ್ಪಿಕೊಂಡರು. ಕೆಲಸ ಹೋಗುತ್ತದೆಂದೇ ತಿಳಿದಿದ್ದರು. ಶೈಲಶ್ರೀ ಎರಡೂ ಫಾರಂ ಪಕ್ಕಪಕ್ಕ ಇಟ್ಟು ನೋಡಿದರು. ಮನೆಯಲ್ಲಿ ಕುಳಿತು ತುಂಬಿದ್ದೆಂಬ ಮಾತನ್ನು ಹೊಡೆದುಹಾಕಿದರು. ಎಮ್ಮೆಗೆ ಹೇಳಿದ್ದು ಮಾತೋ ಅಲ್ಲವೋ ತನಗೂ ತಿಳಿಯುತ್ತಿಲ್ಲ ಎಂದರು. ಮಾಡಿದ ತಪ್ಪನ್ನು ಬರೆದುಕೊಡಲು ಹೇಳಿ, ಕೆಲಸದಲ್ಲಿ ಉಳಿಸಿಕೊಂಡರು.

ಈ ವರ್ಷ ಎರಡನೆಯ ಸುತ್ತು. ಅವೇ ಮನೆ, ಅವೇ ಪ್ರಶ್ನೆ. ಸಾರವಾಡಕ್ಕೆ ಹೋದ ದಿನ ಗೌತಮಿ ಮೊದಲು ಹಿಂದಿನ ಮನೆಗೇ ನಡೆದರು. ಸೌಭಾಗ್ಯ ನಡೆದದ್ದನ್ನು ಹೇಳಿದರು. ಮೂರನೆಯ ಸಲವೂ ನೀರು ತಪ್ಪಿದ ಮೇಲೆ, ಒಂದು ನಸುಕಿನಲ್ಲಿ ಅವರೇ ಗೋಡೆಯ ಹತ್ತಿರ ಬಂದು, "ಯಕ್ಕಾ, ನೀರ ಬಂದಾವೇನು?" ಎಂದು ಕೇಳಿದ್ದರು. ಎಂಟು ವರ್ಷದಲ್ಲಿ ನೇರವಾಗಿ ಕೇಳಿದ್ದು ಅದೇ ಮೊದಲು. ಆ ಕಡೆಯಿಂದ "ಬಂದಾವ" ಎಂಬ ಉತ್ತರ ಬಂದಿತ್ತು. ಅಂದಿನಿಂದ ಕೇಳುವುದು, ಹೇಳುವುದು ನಡೆದೇ ಇದೆ.

ಈ ಸಲ ಎರಡೂ ಫಾರಮಿನಲ್ಲಿ 'ಹೌದು'. ತಾಳೆಯಾಯಿತು. ಆದರೆ ಪೆನ್ನು ಮುಚ್ಚುವಾಗ ಕಾಳವ್ವ ಇನ್ನೊಂದು ಮಾತು ಹೇಳಿದರು.

"ಮೊದಲ ಎಮ್ಮಿ ನೆವದಾಗ ಊರಿನ ಸುದ್ದಿ ಎಲ್ಲಾ ಹೇಳತಿದ್ನಿ. ಈಗ ಮಾರಿ ನೋಡಿ ಏನ್ ಹೇಳೂದು ತಿಳಿಯವಲ್ದು. ನೀರ ಬಂದಾವ ಅಂತೀನಿ, ಆಕಿ ಹೂಂ ಅಂತಾಳ. ಆತು."

ತಾನು ಕೂಡಿಸಿದೆನೋ ಕೆಡಿಸಿದೆನೋ ಎಂದು ಗೌತಮಿಗೆ ಇಂದಿಗೂ ಗೊತ್ತಿಲ್ಲ. ತಾಯಿ ಸಾವಂತ್ರವ್ವ ಅವರನ್ನು ಕೇಳಿದರೆ ಒಮ್ಮೆ ಒಳ್ಳೆಯದಾಯಿತು ಎನ್ನುತ್ತಾರಂತೆ, ಇನ್ನೊಮ್ಮೆ ನಿನಗೇಕೆ ಬೇಕಿತ್ತು ಎನ್ನುತ್ತಾರಂತೆ.

ಬಿಸಿಲು ಏರುತ್ತಿದೆ. ನಿಡೋಣಿಯಲ್ಲಿ ಇನ್ನೂ ನಾಲ್ಕು ಮನೆ ಬಾಕಿ ಇವೆ. ಫೈಲು ಸರಿಮಾಡಿಕೊಳ್ಳುತ್ತ ಗೌತಮಿ, ಈ ಕೆಲಸ ಮುಗಿದ ಮೇಲೆ ಮಾಡಬೇಕೆಂದಿರುವುದನ್ನು ಹೇಳುತ್ತಾರೆ.

"ಒಂದಿನ ಸಾರವಾಡಕ್ಕ ಸುಮ್ಮನ ಹೋಗಬೇಕಂತ ಐತ್ರಿ. ಇಬ್ಬರ ಮನ್ಯಾಗೂ ಕುಂದರಬೇಕು. ಅವರು ಏನ್ ಮಾತಾಡ್ತಾರೋ ಮಾತಾಡ್ಲಿ, ಬಿಟ್ರ ಬಿಡ್ಲಿ. ನಾ ಮಾತ್ರ ಏನೂ ಕೇಳಬಾರದು."