ಕೆನ್ ಕಟ್ಟಿಕೊಟ್ಟ ಹತ್ತು ತೋಟೆಗಳು

ಈಸ್ಟರ್ ರಜೆಯ ಶುಕ್ರವಾರ ಬೆಳಗ್ಗೆ ಐದು ಗಂಟೆಗೆ ಸಿಡ್ನಿಯ ಬ್ಲ್ಯಾಕ್‌ಟೌನಿನ ನಮ್ಮ ಬಾಡಿಗೆ ಮನೆಯಿಂದ ಹೊರಟೆ. ಮೆಲ್ಬರ್ನಿನ ಗ್ಲೆನ್ ವೇವರ್ಲಿಗೆ ಹತ್ತಿರಹತ್ತಿರ ಒಂಬೈನೂರು ಕಿಲೋಮೀಟರು. ಡಿಕ್ಕಿಯಲ್ಲಿ ಹೊಸ ಬೂಟು ಮತ್ತು ಖಾಲಿ ಐಸ್ ಪೆಟ್ಟಿಗೆ, ಪಕ್ಕದ ಸೀಟಿನಲ್ಲಿ ಅಕ್ಕಿ ರೊಟ್ಟಿ, ಪಂದಿ ಕರಿಯ ಡಬ್ಬಿ. ಐಸ್ ಪೆಟ್ಟಿಗೆ ಜಿಂಕೆ ಮಾಂಸಕ್ಕೆ. ಹೆಂಡತಿ ಕಾವೇರಿ ಗೇಟಿನ ಹತ್ತಿರ ನಿಂತು, “ಅಲ್ಲಾ, ನೀವು ಜಿಂಕೆ ಹೊಡೆದದ್ದು ಯಾವಾಗ? ನನಗೆ ಗೊತ್ತಿಲ್ಲದ ಹಾಗೆ?” ಎಂದಳು. “ಬೆಳಗ್ಗೆ ಬೆಳಗ್ಗೆ ಶುರು ಮಾಡಬೇಡ” ಎಂದು ಕಾರು ಹಿಂದಕ್ಕೆ ತೆಗೆದೆ.

ಅವಳಿಗೆ ಕೊಡದ ಉತ್ತರವನ್ನು ನಿಮಗೆ ಕೊಡುತ್ತೇನೆ. ನಾನು ಕೊಡಗಿನವನು, ವಿರಾಜಪೇಟೆ ಕಡೆಯವನು. ನಾನು ಹುಟ್ಟಿದಾಗ ನಮ್ಮ ವಾಡಿಕೆಯಂತೆ ಅಂಗಳದಲ್ಲಿ ಕೋವಿಯಿಂದ ಒಂದು ಈಡು ಹಾರಿಸಿದ್ದರಂತೆ. ಆದರೆ ನನಗೆ ಬುದ್ಧಿ ಬರುವ ಹೊತ್ತಿಗೆ ಕಾನೂನು ಬಂದು ಬೇಟೆ ನಿಂತುಹೋಗಿತ್ತು. ಕೈಲ್ ಮುಹೂರ್ತದ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಮೂರು ಸಲ ಗುಂಡು ಹೊಡೆದಿದ್ದೇನೆ, ಒಂದು ಸಲ ತಾಗಿದೆ. ಸಿಡ್ನಿಯಲ್ಲಿ ಕ್ಲಬ್ಬೊಂದಕ್ಕೆ ಸೇರಿ, ಸುರಕ್ಷತೆಯ ಕೋರ್ಸ್ ಮುಗಿಸಿ, ಲೈಸೆನ್ಸ್ ಮಾಡಿಸಿಕೊಂಡು, ಕಾಗದದ ಕಪ್ಪು ಚುಕ್ಕೆಗೆ ಒಂದಷ್ಟು ಹೊಡೆದಿದ್ದೆ. ನನ್ನ ಬೇಟೆಯ ಚರಿತ್ರೆ ಇಷ್ಟೇ. ಆದರೂ ಗೆಳೆಯರ ಮನೆಯ ಪಾರ್ಟಿಗಳಲ್ಲಿ ತಾತನ ಬೇಟೆ ಕತೆ ಹೇಳುತ್ತ ಹೇಳುತ್ತ, ಯಾವಾಗಲೋ ತಾತನನ್ನು ಕೈಬಿಟ್ಟು “ನಾನು” ಎಂದು ಹೇಳಲು ಶುರು ಮಾಡಿದ್ದೆ. ಥೂ, ಬರೆಯುವಾಗಲೇ ಮೈಯೆಲ್ಲ ಹಿಡಿಯಾಗುತ್ತದೆ.

ಆ ಕತೆಗಳನ್ನು ಬಾಯಿಬಿಟ್ಟುಕೊಂಡು ಕೇಳಿದವನು ಸಿದ್ದರಾಜು. ಮಂಡ್ಯದವನು, ಮೈಸೂರಿನ ಹಾಸ್ಟೆಲಿನಲ್ಲಿ ನನಗಿಂತ ಎರಡು ವರ್ಷ ಕಿರಿಯ. ಮೆಲ್ಬರ್ನಿಗೆ ಓದಲು ಬಂದು, ಅಲ್ಲೇ ನೆಲೆಸಲು ಪಿಆರ್ ಸಿಕ್ಕಿ, ಗೋದಾಮೊಂದರಲ್ಲಿ ಸೂಪರ್‌ವೈಸರ್ ಆಗಿದ್ದ. ಅವನ ಪಕ್ಕದ ಮನೆಯವರು ಕೆನ್. ಎಪ್ಪತ್ತೊಂದು ವಯಸ್ಸಿನ ಆಸ್ಟ್ರೇಲಿಯದವರು, ಫಿಟ್ಟರ್ ಕೆಲಸದಿಂದ ನಿವೃತ್ತರು. ಅವರ ತಮ್ಮನಿಗೆ ಅರಾರಾಟ್ ಊರಿನ ಆಚೆ ಕುರಿ ಫಾರಂ ಇತ್ತು, ಅಲ್ಲಿ ಜಿಂಕೆಗಳ ಕಾಟ. ಸಿದ್ದರಾಜು ಬೇಲಿಯ ಮೇಲಿಂದ ನನ್ನ ಬೇಟೆ ಪುರಾಣ ಹೇಳಿದ್ದೇ ತಡ, ಕೆನ್ ಅವರಿಂದ ಆಹ್ವಾನ ಬಂತು. ವಿಕ್ಟೋರಿಯಾ ರಾಜ್ಯದ ಬೇಟೆ ಲೈಸೆನ್ಸನ್ನೂ ಮಾಡಿಸಿಕೊಂಡೆ. ಕೋವಿ ಮಾತ್ರ ಅವರದು.

ದಾರಿಯ ಮಾತು ಹೇಳಬೇಕೆಂದರೆ, ಅವು ಬರಗಾಲದ ವರ್ಷಗಳು. ಗೌಲ್ಬರ್ನ್ ದಾಟಿದ ಮೇಲೆ ಎರಡೂ ಕಡೆ ಒಣಹುಲ್ಲು, ಬತ್ತಿದ ಕೆರೆಗಳು. ರಜೆಯ ದಿನಗಳಲ್ಲಿ ವೇಗ ಮೀರಿದರೆ ಲೈಸೆನ್ಸಿನಿಂದ ಇಮ್ಮಡಿ ಅಂಕ ಕಳೆಯುತ್ತಾರೆಂಬ ಭಯಕ್ಕೆ ನೂರಹತ್ತರ ಮೇಲೆ ಮುಳ್ಳು ಏರಿಸಲಿಲ್ಲ. ಹೋಲ್‌ಬ್ರುಕ್ ಎಂಬ ಊರಲ್ಲಿ ಹೆದ್ದಾರಿಯ ಪಕ್ಕ ಹುಲ್ಲಿನ ಮೇಲೆ ಒಂದು ಜಲಾಂತರ್ಗಾಮಿಯನ್ನು ನಿಲ್ಲಿಸಿದ್ದಾರೆ. ಸಮುದ್ರಕ್ಕೂ ಆ ಊರಿಗೂ ನೂರಾರು ಕಿಲೋಮೀಟರ್ ದೂರ! ಅದರ ನೆರಳಲ್ಲಿ ಕೂತು ರೊಟ್ಟಿ ತಿಂದೆ. ಮರ್ರೆ ನದಿ ದಾಟಿ, ನಕ್ಷೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಸಲ ದಾರಿ ತಪ್ಪಿ, ನಾಲ್ಕೂವರೆಗೆ ಗ್ಲೆನ್ ವೇವರ್ಲಿ ಮುಟ್ಟಿದೆ.

ಸಿದ್ದರಾಜು ರಸ್ತೆಗೇ ಬಂದು ನಿಂತಿದ್ದ. “ಬಾರಣ್ಣ ಬಾ! ಅಜ್ಜ ಮಧ್ಯಾಹ್ನದಿಂದ ಮೂರು ಸತಿ ಕೇಳ್ತು ನಿನ್ನ. ಕಾಫಿ ಆಮೇಲೆ ಕುಡಿಯೀವಂತೆ, ಮೊದ್ಲು ನಡಿ” ಎಂದು ಪಕ್ಕದ ಮನೆಯ ಗ್ಯಾರೇಜಿಗೆ ಎಳೆದುಕೊಂಡು ಹೋದ.

ಗ್ಯಾರೇಜಿನಲ್ಲಿ ಕಾರು ಇರಲಿಲ್ಲ, ಒಂದು ಉದ್ದದ ಬೆಂಚು ಇತ್ತು. ಕೆನ್ ಅಂಗಡಿಯ ತೋಟೆ ಕೊಳ್ಳುವವರಲ್ಲ, ತಾವೇ ಕಟ್ಟಿಕೊಳ್ಳುವವರು. ಒಮ್ಮೆ ಹಾರಿಸಿದ ಹಿತ್ತಾಳೆಯ ಖಾಲಿ ತೋಟೆಯನ್ನು ತೊಳೆದು, ಮದ್ದನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ ಸುರಿದು, ಕೈಯಂತ್ರದಲ್ಲಿ ಗುಂಡನ್ನು ಮೇಲೆ ಕೂರಿಸುವುದು. ಪ್ರತಿ ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಮದ್ದಿನ ತೂಕ ಬರೆದಿತ್ತು. ನಲವತ್ತು ವರ್ಷದಲ್ಲಿ ಒಂದೂ ಕೈಕೊಟ್ಟಿಲ್ಲ ಎಂದು ಸಿದ್ದರಾಜು ಅವರ ಪರವಾಗಿ ಹೇಳಿದ. ಅವರು ನಾಚಿಕೊಂಡು ಅಂಗಿಯ ತುದಿಯಲ್ಲಿ ಕನ್ನಡಕ ಒರೆಸಿದರು.

“ನೋಡು ಮೇಟ್, ಅಲ್ಲಿರುವುದು ಪೂರಾ ಬಯಲು” ಎಂದರು ಕೆನ್. “ಮರ ಇಲ್ಲ, ಮರೆ ಇಲ್ಲ, ಗಾಳಿ ಬೇರೆ. ಅದಕ್ಕೆ ನಾನು ಈ ಟೂ-ಸೆವೆಂಟಿ ಕೋವಿಯ ತೋಟೆ ಕಟ್ಟುತ್ತೇನೆ. ಗುಂಡು ಹಗುರ, ವೇಗ ಜಾಸ್ತಿ, ದೂರ ಹೋದರೂ ಅಷ್ಟಾಗಿ ಕೆಳಗೆ ಬೀಳುವುದಿಲ್ಲ. ಭುಜಕ್ಕೆ ಒದೆತವೂ ಕಡಿಮೆ. ಇದರಲ್ಲೇ ಹೊಡೆ. ಅಂದಹಾಗೆ, ನಿಮ್ಮ ಊರಲ್ಲಿ ಜಿಂಕೆಗೆ ಏನು ಬಳಸುತ್ತೀರಿ?”

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಬಾಗಿಲು ಯಾರು ತೆರೆದುಕೊಡುತ್ತಾರೆ? “ಕೆನ್, ನಾನು ತೆಂಗಿನಕಾಯಿಗೆ ಮಾತ್ರ ಹೊಡೆದವನು” ಎಂದಿದ್ದರೆ ಅವರು ನಕ್ಕು ಬೆನ್ನು ತಟ್ಟುತ್ತಿದ್ದರು. ಸಿದ್ದರಾಜು ಹೆಮ್ಮೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದ. ನಾನು, “ನಾವು ಹಗುರ ಗುಂಡು ಮುಟ್ಟುವುದಿಲ್ಲ. ದಪ್ಪ ಗುಂಡು, ಒಂದೇ ಏಟು” ಎಂದೆ. ಅದು ತಾತನ ಮಾತು. ತಾತ ಹೊಡೆಯುತ್ತಿದ್ದದ್ದು ದಟ್ಟ ಕಾಡಿನಲ್ಲಿ, ಮೂವತ್ತು ಹೆಜ್ಜೆಯಲ್ಲಿ. ಆ ಭಾಗವನ್ನು ನುಂಗಿಕೊಂಡೆ.

ಕೆನ್ ಸ್ವಲ್ಪ ಹೊತ್ತು ಗಡ್ಡ ಕೆರೆದರು. ಅವರ ಬಳಿ ತ್ರೀ-ನಾಟ್-ಎಯ್ಟ್ ಕೋವಿಯೂ ಇತ್ತು, ಅದಕ್ಕೆ ನೂರೆಂಬತ್ತು ಗ್ರೇನಿನ ಭಾರದ ಗುಂಡೂ ಇತ್ತು. ಬಯಲಿಗೆ ತಾವಾದರೆ ಅದನ್ನು ಆರಿಸುವುದಿಲ್ಲ ಎಂದರು. “ಆದರೆ ಬೇಟೆಗಾರನಿಗೆ ಅವನ ಕೈ ಒಗ್ಗಿದ್ದೇ ಸರಿ” ಎಂದು ನನಗೋಸ್ಕರವೇ ಹತ್ತು ತೋಟೆ ಕಟ್ಟಲು ಕೂತರು. ಒಂದೊಂದಕ್ಕೂ ಮದ್ದು ತೂಗಿದರು, ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾದರು. ಹತ್ತು ತೋಟೆಗೆ ಒಂದು ಗಂಟೆ ಹಿಡಿಯಿತು. ಡಬ್ಬಿಯ ಮೇಲೆ ಉತ್ತಯ್ಯ ಎಂಬ ನನ್ನ ಹೆಸರನ್ನು ಕೇಳಿ ಕೇಳಿ, ಒಂದೊಂದೇ ಅಕ್ಷರ ಬರೆದರು.

ಶನಿವಾರ ಬೆಳಗ್ಗೆ ಮೂವರೂ ಕೆನ್ ಅವರ ಯೂಟ್ ಎಂಬ ಪಿಕಪ್ ಗಾಡಿಯಲ್ಲಿ ಹೊರಟೆವು. ಕೋವಿಗಳು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ತೋಟೆಗಳು ಬೇರೆ ಡಬ್ಬಿಯಲ್ಲಿ. ವೆಸ್ಟ್‌ಗೇಟ್ ಸೇತುವೆ ದಾಟಿ, ಬ್ಯಾಲರಾಟಿನಲ್ಲಿ ಒಂದೊಂದು ಮೀಟ್ ಪೈ ತಿಂದು, ಹನ್ನೊಂದರ ಹೊತ್ತಿಗೆ ಫಾರಂ ತಲುಪಿದೆವು. ಕೆನ್ ಅಂದದ್ದು ಸುಳ್ಳಲ್ಲ. ಕಣ್ಣು ಹಾಯುವಷ್ಟು ದೂರ ಹಳದಿ ಹುಲ್ಲು, ತಂತಿಬೇಲಿ, ಕುರಿ. ಪಶ್ಚಿಮದಲ್ಲಿ ನೀಲಿ ಬೆಟ್ಟಗಳ ಸಾಲು. ಇಂಥ ಬಯಲನ್ನು ಕೊಡಗಿನವನ ಕಣ್ಣು ಅಳೆಯಲಾರದು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಮೊದಲು ಹಲಗೆಗೆ ನೂರು ಮೀಟರಿನಿಂದ ಮೂರು ತೋಟೆ ಹಾರಿಸಿ ಕೋವಿಯ ಗುರಿ ಸರಿಮಾಡಿಕೊಂಡೆವು. ಮೂರೂ ಒಂದು ಅಂಗೈಯಗಲದಲ್ಲಿ ಬಿದ್ದವು. ಭುಜಕ್ಕೆ ಮಾತ್ರ ಕತ್ತೆ ಒದ್ದ ಹಾಗಾಯಿತು. ಮೂರನೆಯ ಹೊತ್ತಿಗೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕೆನ್ ಹೇಳಿದ್ದು ಒಂದೇ ನಿಯಮ. “ನೂರೈವತ್ತು ಮೀಟರ್ ಒಳಗೆ ಬಂದರೆ ಹೊಡೆ. ಇಲ್ಲವಾದರೆ ನೋಡಿ ಖುಷಿಪಟ್ಟು ಬಿಡು. ಈ ಗುಂಡು ಅದರಾಚೆ ಬೇಗ ಕೆಳಗಿಳಿಯುತ್ತದೆ.” ಆಮೇಲೆ ಅವರು ಜಿಂಕೆಗಳು ಎಲ್ಲಿಂದ ಹೊರಬರುತ್ತವೆಂದು ನೋಡಲು ದಿಣ್ಣೆಯ ಆಚೆ ಬದಿಗೆ ಹೋದರು. ನಾನು, ಸಿದ್ದರಾಜು ಬೇಲಿಯ ಬುಡದಲ್ಲಿ ಮಲಗಿದೆವು.

ಮೂರು ಗಂಟೆಗೆ ಹೆಣ್ಣು ಜಿಂಕೆಯೊಂದು ದಿಣ್ಣೆ ಇಳಿದು ಬಂತು. ಬೆನ್ನ ಮೇಲೆ ನಮ್ಮ ಚುಕ್ಕೆ ಜಿಂಕೆಯ ಹಾಗೆಯೇ ಬಿಳಿ ಚುಕ್ಕೆಗಳು. ಸಿದ್ದರಾಜು ಪಿಸುಗುಟ್ಟಿದ: “ಬಲು ದೂರ ಅದೆ ಕಣಣ್ಣ. ಅಜ್ಜ ಹೇಳಿದ್ದು ಗ್ಯಾನ ಮಡಿಕೊ.” “ನೂರಿಪ್ಪತ್ತು ಇದೆ, ಸುಮ್ಮನಿರು” ಎಂದೆ. ಭುಜದ ಮೇಲೆ ಗುರಿಯಿಟ್ಟು, ಕಣ್ಣು ಮುಚ್ಚಿ, ಟ್ರಿಗರನ್ನು ಕಿತ್ತೆಳೆದೆ. ಕಣ್ಣು ಬಿಟ್ಟಾಗ ಜಿಂಕೆ ಮೂರು ಕಾಲಿನಲ್ಲಿ ಓಡುತ್ತಿತ್ತು. ಮುಂಗಾಲೊಂದು ಮಂಡಿಯಿಂದ ಕೆಳಗೆ ಜೋತಾಡುತ್ತಿತ್ತು.

ಅದು ನಿಂತಿದ್ದ ಜಾಗದ ತನಕ ಸಿದ್ದರಾಜು ಹೆಜ್ಜೆ ಎಣಿಸುತ್ತ ನಡೆದ. ಇನ್ನೂರ ಎಂಬತ್ತು. ಅಷ್ಟರಲ್ಲಿ ಕೆನ್ ಕುಂಟುತ್ತ ಓಡಿಬಂದರು, ಅವರಿಗೆ ಒಂದು ಮಂಡಿ ಸರಿಯಿರಲಿಲ್ಲ. “ಏನಾಯಿತು?” ಎಂದರು.

“ನೂರಿಪ್ಪತ್ತು ಮೀಟರಿನಲ್ಲಿತ್ತು” ಎಂದೆ. “ಭುಜಕ್ಕೇ ಇಟ್ಟಿದ್ದೆ. ತೋಟೆಯಲ್ಲೇ ಏನೋ ಐಬಿದೆ ಕೆನ್. ಶಬ್ದವೂ ಸಣ್ಣದಾಗಿ ಬಂತು.”

ಈ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಒಂದು ಕ್ಷಣ ನಾನೇ ನಂಬಿದೆ. ಕೆನ್ ಮುಖ ಬಿಳಿಚಿಕೊಂಡಿತು. “ಮದ್ದು ಕಡಿಮೆ ಬಿದ್ದಿರಬೇಕು” ಎಂದರು ಮೆಲ್ಲಗೆ. “ಖಾಲಿ ತೋಟೆ ಕೊಡು, ಮಸಿ ನೋಡಿದರೆ ಗೊತ್ತಾಗುತ್ತದೆ.” ಹುಲ್ಲಿನಲ್ಲಿ ಎಲ್ಲೋ ಬಿತ್ತು ಎಂದೆ. ಅದು ನನ್ನ ಜೇಬಿನಲ್ಲಿ ಇನ್ನೂ ಬೆಚ್ಚಗಿತ್ತು.

ನೆತ್ತರಿನ ಜಾಡು ಹಿಡಿದು ಎರಡೂವರೆ ಗಂಟೆ ನಡೆದೆವು. ಐದು ಬೇಲಿ ದಾಟಿದೆವು. ಪ್ರತಿ ಬೇಲಿಯಲ್ಲೂ ಕೆನ್ ಆ ಮಂಡಿಯನ್ನು ಎರಡೂ ಕೈಯಲ್ಲಿ ಎತ್ತಿ ತಂತಿ ದಾಟಿಸಬೇಕಾಗುತ್ತಿತ್ತು. ಹೊತ್ತು ಇಳಿಯುವ ಮುಂಚೆ, ಬತ್ತಿದ ಕೆರೆಯ ಏರಿಯ ಕೆಳಗೆ ಜಿಂಕೆ ಸಿಕ್ಕಿತು. ಮಲಗಿತ್ತು, ತಲೆ ಎತ್ತಿ ನಮ್ಮನ್ನು ನೋಡಿತು. ಕೆನ್ ತಮ್ಮ ಟೂ-ಸೆವೆಂಟಿಯಿಂದ ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಸಾರಿ ಮೇಟ್. ನನ್ನಿಂದ ಹೀಗಾಯಿತು” ಎಂದರು.

ಯೂಟಿನಲ್ಲಿ ವಾಪಸು ಬರುವಾಗ ಮೂವರೂ ಒಂದೇ ಸಾಲಿನ ಸೀಟಿನಲ್ಲಿದ್ದೆವು, ಸಿದ್ದರಾಜು ನಡುವೆ. ಅರಾರಾಟ್ ದಾಟಿದ ಮೇಲೆ ಅವನು ರಸ್ತೆಯನ್ನೇ ನೋಡುತ್ತ ಕನ್ನಡದಲ್ಲಿ ಹೇಳಿದ: “ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ.”

“ಸುಮ್ನಿರೋ” ಎಂದೆ.

“ಕಣ್ಣು ಮುಚ್ಕಂಡು ಹೊಡ್ದೆ. ನಾನು ಪಕ್ಕದಲ್ಲೇ ಇದ್ದೆ ಕಣಣ್ಣ. ಅಜ್ಜನ ಮುಖ ನೋಡು ಒಂದ್ಸಾರಿ. ನನ್ನ ಮಗಳನ್ನ ಈಜಿಗೆ ಕರ್ಕೊಂಡು ಹೋಗೋ ಮನುಷ್ಯ ಅದು. ನೀನೇ ಹೇಳ್ಬುಡು. ನಾನು ಹೇಳಿದ್ರೆ ಚೆನ್ನಾಗಿರಲ್ಲ.”

“ನಾಳೆ ಹೇಳ್ತೀನಿ. ಆಣೆ.”

“ಮನೆಯ ವಿಚಾರವಾ?” ಎಂದು ಕೆನ್ ಇಂಗ್ಲಿಷಿನಲ್ಲಿ ಕೇಳಿ, ನಮಗೆ ಅಡ್ಡಿಯಾಗದಿರಲೆಂದು ರೇಡಿಯೋ ಸಣ್ಣ ಮಾಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಭಾನುವಾರ ಬೆಳಗ್ಗೆ ಮಾತನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡೇ ಗ್ಯಾರೇಜಿಗೆ ಹೋದೆ. ಕೆನ್ ಆಗಲೇ ಬೆಂಚಿನ ಮುಂದೆ ಕೂತಿದ್ದರು. ಉಳಿದ ಆರು ತೋಟೆಗಳನ್ನೂ ಬಿಚ್ಚಿದ್ದರು. ಆರು ಗುಂಡು ಒಂದು ಸಾಲಿನಲ್ಲಿ, ಆರು ಹಿತ್ತಾಳೆ ಕೊಳವೆ ಇನ್ನೊಂದು ಸಾಲಿನಲ್ಲಿ, ಆರು ಬಾಟಲಿ ಮುಚ್ಚಳಗಳಲ್ಲಿ ಆರು ಪಾಲು ಮದ್ದು. ಒಂದೊಂದನ್ನೂ ಮತ್ತೆ ತೂಗಿ ಚೀಟಿಯ ಮೇಲೆ ಬರೆದಿದ್ದರು. ಆರೂ ಒಂದೇ ತೂಕ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

“ಎಲ್ಲ ಸರಿಯಿದೆ ನೋಡು” ಎಂದರು. ನನಗೆ ಜೀವ ಬಂದಂತಾಯಿತು, ಅವರೇ ಕಂಡುಹಿಡಿದರು ಎಂದುಕೊಂಡೆ. ಬೈಯಲಿ, ಮುಗಿಯಲಿ. ಆದರೆ ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಹಾಗಾದರೆ ಆ ಒಂದರಲ್ಲೇ ತಪ್ಪಿರಬೇಕು. ಇಷ್ಟು ದಿನ ಕಣ್ಣು ಸರಿಯಿದೆ ಅಂತ ನನ್ನನ್ನೇ ನಂಬಿಸಿಕೊಂಡಿದ್ದೆ. ಮದ್ದು ಹೆಚ್ಚಾಗಿ ಬಿದ್ದು ಯಾರ ಕೈಯಲ್ಲಾದರೂ ಕೋವಿ ಒಡೆದಿದ್ದರೆ? ಇನ್ನು ಇದು ಸಾಕು.”

ಬಾಯಿಪಾಠ ಮಾಡಿದ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅವರ ನಲವತ್ತು ವರ್ಷ ಅವರಿಗೆ ವಾಪಸು ಸಿಗುತ್ತಿತ್ತು, ಹೋಗುತ್ತಿದ್ದದ್ದು ನನ್ನ ಜಂಬ ಮಾತ್ರ. ಆ ಹೇಡಿ ಬಾಯಿಂದ ಬಂದದ್ದೇನು ಗೊತ್ತೇ? “ನೋ ವರೀಸ್, ಕೆನ್. ಎಲ್ಲರಿಗೂ ಆಗುತ್ತದೆ.” ನಾನು ಅವರನ್ನು ಕ್ಷಮಿಸಿಬಿಟ್ಟೆ! ಅವರು ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ನನ್ನ ಐಸ್ ಪೆಟ್ಟಿಗೆಗೆ ಒಳ್ಳೊಳ್ಳೆಯ ತುಂಡುಗಳನ್ನೇ ಆರಿಸಿ ತುಂಬಿದರು. ಬೇಲಿಯ ಆಚೆಯಿಂದ ಸಿದ್ದರಾಜು ಎಲ್ಲ ನೋಡುತ್ತಿದ್ದ. ಹೊರಡುವಾಗ ಕಾರಿನ ತನಕ ಬರಲಿಲ್ಲ.

ವಾಪಸು ದಾರಿಯಲ್ಲಿ ಏನೂ ನೋಡಲಿಲ್ಲ, ಬರೆಯಲೂ ಏನಿಲ್ಲ. ಗಂಡಗೈ ಎಂಬ ಊರಲ್ಲಿ ಪೆಟ್ರೋಲ್ ಹಾಕಿಸಿ ಚಿಲ್ಲರೆಗೆಂದು ಜೇಬಿಗೆ ಕೈಹಾಕಿದಾಗ ಖಾಲಿ ತೋಟೆ ಸಿಕ್ಕಿತು. ಕಸದ ಡಬ್ಬಿಯ ತನಕ ಹೋಗಿ, ಎಸೆಯಲಾರದೆ ಹಿಂದೆ ಬಂದೆ. ಮನೆ ಮುಟ್ಟಿದಾಗ ಕಾವೇರಿ ಪೆಟ್ಟಿಗೆಯ ಮುಚ್ಚಳ ತೆಗೆದು, “ಅಯ್ಯೋ, ನಿಜವಾಗಲೂ ಹೊಡೆದಿರಾ!” ಎಂದಳು. “ಹೂಂ” ಎಂದೆ. ಮಾಂಸ ನನಗೆ ಸೇರಲಿಲ್ಲ.

ತಿಂಗಳ ಮೇಲೆ ಸಿದ್ದರಾಜು ಫೋನ್ ಮಾಡಿದ. ಕೆನ್ ಬೆಂಚಿನ ಯಂತ್ರ, ತಕ್ಕಡಿ ಎಲ್ಲವನ್ನೂ ಯಾರಿಗೋ ಕೊಟ್ಟುಬಿಟ್ಟಿದ್ದರು. “ಗ್ಯಾರೇಜಲ್ಲಿ ಈಗ ಕಾರು ನಿಲ್ಲಿಸ್ತದೆ ಅಜ್ಜ. ಯಾವಾಗ ಹೇಳ್ತೀಯಣ್ಣ?” ಎಂದು ಕೇಳಿದ. ಹೇಳುತ್ತೇನೆ ಎಂದೆ. ಅದಾದ ಮೇಲೆ ಅವನು ಆ ಮಾತೆತ್ತಲಿಲ್ಲ, ಫೋನನ್ನೂ ಕಡಿಮೆ ಮಾಡಿದ.

ಆ ಖಾಲಿ ತೋಟೆ ಇದನ್ನು ಬರೆಯುತ್ತಿರುವ ಮೇಜಿನ ಮೇಲೆಯೇ ಇದೆ. ಅದರಲ್ಲಿ ಯಾವ ಐಬೂ ಇರಲಿಲ್ಲ. ದೂರ ಇನ್ನೂರ ಎಂಬತ್ತು ಹೆಜ್ಜೆ, ಕಣ್ಣು ಮುಚ್ಚಿದ್ದವನು ನಾನು. ಆಣೆ ಹಾಕಿದಂತೆ ಕೊನೆಗೂ ಎಲ್ಲವನ್ನೂ ಹೇಳಿದ್ದೇನೆ, ಒಂದಕ್ಷರ ಮುಚ್ಚಿಟ್ಟಿಲ್ಲ. ಕೆನ್ ಅವರಿಗೆ ಮಾತ್ರ ಕನ್ನಡ ಬರುವುದಿಲ್ಲ.