ಸ್ಟಾಪ್‌ವಾಚಿನ ತಪ್ಪು

ಬಾತ್ನಾ ಊರಿನ ಓಟದ ಮೈದಾನದಲ್ಲಿ ಸಮಯ ಹಿಡಿಯುವವನು ಲಖ್ದರ್. ಕ್ಲಬ್ಬಿನ ಕೀಲಿ ಕೊಡುವ ಸ್ಟಾಪ್‌ವಾಚು ಅವನ ಮನೆಯಲ್ಲೇ, ಉಣ್ಣೆಯ ಚೀಲದೊಳಗೆ ಇರುತ್ತಿತ್ತು. ಪಂದ್ಯದ ದಿನ ಬೆಳಗಿನ ನಮಾಜು ಮುಗಿಸಿ, ಕೈ ಚೆನ್ನಾಗಿ ಒರೆಸಿಕೊಂಡು ಕೀಲಿ ಕೊಡಲು ಕೂರುತ್ತಿದ್ದ. ಬೆರಳಿಗೆ ಬಿಗಿ ತಗುಲಿದೊಡನೆ ನಿಲ್ಲಿಸಬೇಕು, ಮೇಲೊಂದು ಸುತ್ತು ಅಂದರೆ ದುರಾಸೆ. ಸಂಜೆ ಅದು ಓಡಿ ಓಡಿ ತಾನಾಗಿ ನಿಲ್ಲುವವರೆಗೆ ಬಿಡುತ್ತಿದ್ದ. ಸ್ಪ್ರಿಂಗು ಬಿಗಿದುಕೊಂಡೇ ಮಲಗಿದರೆ ಬೇಗ ಸೋಲುತ್ತದಂತೆ.

"ನಂಗೆ ಜ್ವರ ಬಂದಾಗ ಒಂದು ಕಂಬಳಿ ಹೊದಿಸ್ಲಿಲ್ಲ, ಅದಕ್ಕೆ ಮಾತ್ರ ಉಣ್ಣೆ ಚೀಲ," ಎಂದು ಹೆಂಡತಿ ಮೆಬ್ರೂಕಾ ಚುಚ್ಚುತ್ತಿದ್ದಳು.

ಗಡಿಯಾರಕ್ಕೆ ಇಷ್ಟೆಲ್ಲ ಉಪಚಾರ ಮಾಡಿದ ಮಹಾನುಭಾವ ತನ್ನ ಕಣ್ಣಿಗೆ ಏನೂ ಮಾಡಲಿಲ್ಲ. ಪೊರೆ ಬಂದಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಓಟ ಮುಗಿಯುವ ಗೆರೆಯ ಪಕ್ಕದ ಆ ಎತ್ತರದ ಕುರ್ಚಿ ಬೇರೆಯವರ ಪಾಲಾಗುತ್ತಿತ್ತು. ಕುರ್ಚಿ ಹೋದರೆ ಊರಲ್ಲಿ ಅವನನ್ನು ಕೇಳುವವರು ಯಾರು?

ಓಟ ಶುರುವಾಗುವುದು ಆ ತುದಿಯಲ್ಲಿ, ಸಮಯ ಹಿಡಿಯುವವನು ಕೂರುವುದು ಈ ತುದಿಯಲ್ಲಿ. ಪಿಸ್ತೂಲಿನ ಸದ್ದು ಬಂದು ಮುಟ್ಟುವಷ್ಟರಲ್ಲಿ ಓಟಗಾರರು ಹೊರಟಾಗಿರುತ್ತದೆ. ಅದಕ್ಕೇ ಹೊಗೆ ಕಂಡ ಕ್ಷಣ ಗುಂಡಿ ಒತ್ತಬೇಕು. "ಕಿವಿ ಸೋಮಾರಿ ಕಣಪ್ಪಾ, ಅದನ್ನ ನಂಬ್ಕೊಂಡ್ರೆ ಕೆಟ್ಟೆ," ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ಇದೇ ಲಖ್ದರ್.

ಆ ವಸಂತದಲ್ಲಿ ರಾಜಧಾನಿಯ ಪಂದ್ಯಕ್ಕೆ ಆಯ್ಕೆ ನಡೆಯಿತು. ಅಣ್ಣನ ಮಗಳು ವಿಸಾಲ್ ನೂರು ಮೀಟರ್ ಓಡಿದಳು. ಲಖ್ದರನಿಗೆ ಹೊಗೆ ಕಾಣಲೇ ಇಲ್ಲ, ಸದ್ದು ಕೇಳಿದ ಮೇಲೆ ಒತ್ತಿದ. ಗಡಿಯಾರ ಹುಡುಗಿಯ ನಿಜವಾದ ಸಮಯಕ್ಕಿಂತ ಕಡಿಮೆ ತೋರಿಸಿತು, ಅವಳು ಆಯ್ಕೆಯಾದಳು. ಅವನಿಗೆ ಅಲ್ಲೇ ತಿಳಿದಿತ್ತು. ಆದರೆ ಅವಳು ಕುಣಿಯುತ್ತಿದ್ದಳು, ಅಣ್ಣ ಕಂಡಕಂಡವರಿಗೆಲ್ಲ ಖರ್ಜೂರದ ಮಿಠಾಯಿ ತಿನ್ನಿಸುತ್ತಿದ್ದ. ಲಖ್ದರ್ ತಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡ.

ರಾಜಧಾನಿ ಅಲ್ಜಿಯರ್ಸಿನಲ್ಲಿ ವಿಸಾಲ್ ಎಲ್ಲರಿಗಿಂತ ಹಿಂದೆ ಬಿದ್ದಳು. "ನಿಮ್ಮೂರಲ್ಲಿ ಮೀಟರ್ ಗಿಡ್ಡವೇನಮ್ಮಾ?" ಎಂದು ಅಲ್ಲಿಯವರು ಎಲ್ಲರೆದುರು ನಕ್ಕರು. ಮೋಸದಿಂದ ಬಂದವಳೆಂದು ತಂಡದಿಂದ ಹೆಸರು ಹೊಡೆದು ವಾಪಸು ಕಳಿಸಿದರು.

ತರಬೇತುದಾರ ಬೆಲ್ಕಾಸಿಮ್ ಅವಳನ್ನು ಕರೆದುಕೊಂಡು ನೇರ ಲಖ್ದರನ ಮನೆಗೇ ಬಂದ.

"ನಿಜ ಹೇಳು ಲಖ್ದರ್. ತಪ್ಪು ಗಡಿಯಾರದ್ದಾ, ನಿಂದಾ? ನಿನ್ನದೇ ಅಂತ ಬರ್ಕೊಟ್ರೆ ಹುಡುಗೀನ ಇನ್ನೊಂದ್ಸಲ ಓಡಿಸಿ ನೋಡ್ತಾರಂತೆ. ಗಡಿಯಾರ ಕೆಟ್ಟಿತ್ತು ಅಂದ್ರೆ ನೆಪ ಅಂತಾರೆ, ಅವಳ ಕತೆ ಮುಗೀತು."

ಲಖ್ದರ್ ಗಡಿಯಾರವನ್ನು ಚೀಲದಿಂದ ತೆಗೆದು, ಎರಡು ಸುತ್ತು ಕೀಲಿ ಕೊಟ್ಟು ಗುಂಡಿ ಒತ್ತಿ, ಕಿವಿಯ ಹತ್ತಿರ ಹಿಡಿದ. ಅದರ ಸದ್ದಿನಲ್ಲಿ ಒಂದಿಷ್ಟೂ ತೊಡಕಿರಲಿಲ್ಲ.

"ಹಳೇದಲ್ವಾ," ಅಂದ. "ಸ್ಪ್ರಿಂಗ್ ಸೋತಿರ್ಬೇಕು."

ಬೆಲ್ಕಾಸಿಮ್ ಅದನ್ನು ಕಿತ್ತುಕೊಂಡು ಜೇಬಿಗೆ ತುರುಕಿದ. "ಗುಜರಿಗೆ ಹಾಕ್ತೀನಿ. ಹೊಸದು ಬರತ್ತೆ, ನೀನೇ ಕೂರು."

ವಿಸಾಲ್ ಹತ್ತಿರ ಬಂದಳು. "ದಾರಿಯುದ್ದಕ್ಕೂ ನಿಮ್ಮನ್ನೇ ಬೈಕೊಂಡು ಬಂದೆ ಚಿಕ್ಕಪ್ಪಾ. ಕ್ಷಮಿಸಿಬಿಡಿ."

ಹಿರಿಯರ ಹಣೆಗೆ ಮುತ್ತಿಟ್ಟು ಕ್ಷಮೆ ಕೇಳುವುದು ವಾಡಿಕೆ. ಅವಳು ಮುಂದೆ ಬಂದಾಗ ಲಖ್ದರ್ ತಲೆ ತಗ್ಗಿಸಿಕೊಟ್ಟ.