ಆಪತ್ತಿಗೆ ಇಟ್ಟ ಟಯರು

ನಮ್ಮ ಪಿಕಪ್ಪಿನ ಜೊತೆ ಕಂಪನಿಯಿಂದಲೇ ಐದು ಟಯರು ಬಂದಿದ್ದವು. ಬಿಸಿಲು, ಮಳೆ ಎರಡಕ್ಕೂ ಆಗುತ್ತದೆ ಎಂದು ಮಾರಿದವರು ಹೇಳಿದ್ದರು. ನಾಲ್ಕು ವರ್ಷದಲ್ಲಿ ನಾಲ್ಕು ಟಯರು ಸವೆದು ನುಣ್ಣಗಾದವು. ಐದನೆಯದು ಸ್ಟೆಪ್ನಿ. ಆಪತ್ತಿಗೆ ಇರಲಿ ಎಂದು ಅಪ್ಪ ಅದನ್ನು ಮುಟ್ಟಿರಲಿಲ್ಲ. ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಅದರ ಮೇಲೆ ಹಾಗೇ ಇತ್ತು.

ನಾನು ಎಂ.ಎ. ಮುಗಿಸಿದ ವರ್ಷ ಶೃಂಗೇರಿಯ ಕಾಲೇಜೊಂದರಲ್ಲಿ ಬೆಳಿಗ್ಗೆ ಹತ್ತಕ್ಕೆ ಸಂದರ್ಶನವಿತ್ತು. ನಮ್ಮೂರು ಹಿರೇಕೊಡಿಗೆಯಿಂದ ಪಿಕಪ್ಪಿನಲ್ಲಿ ಹೊರಟ ನಾನೂ ಅಪ್ಪನೂ ಟಾರು ರಸ್ತೆ ಸೇರುವ ಮೊದಲೇ ಮಣ್ಣಿನ ಏರಿನಲ್ಲಿ ಸಿಕ್ಕಿಬಿದ್ದೆವು. ಮುನ್ನಾದಿನ ಮಳೆಯಾಗಿತ್ತು. ಹಿಂಬದಿಯ ಎಡಚಕ್ರ ನಿಂತಲ್ಲೇ ತಿರುಗಿ ಕೆಸರು ಹಾರಿಸಿತು.

ಎದುರು ಬಂದ ಲಾರಿಯ ಡ್ರೈವರ್ ಇಳಿದು ನೋಡಿ ನಕ್ಕ. "ಎಂತ ಮಾರಾಯ್ರೇ, ಹೊಸ ಟಯರು ಹಿಂದೆ ಆರಾಮ ಕೂತಿದೆ, ಬೋಳು ಟಯರು ದುಡೀತಿದೆ!"

"ಅದು ಆಪತ್ತಿಗೆ," ಎಂದರು ಅಪ್ಪ.

"ಹಂಗಾರೆ ಇದೆಂತದು?"

ಅಪ್ಪ ಜಾಕ್ ತೆಗೆದರು. ಅದು ಎರಡು ಸಲ ಕೆಸರಿನಲ್ಲಿ ಹೂತಿತು. ಜಾಕಿನ ಕೆಳಗೆ ಕಲ್ಲು ತಂದಿಟ್ಟು ಗಡಿಯಾರ ನೋಡುವುದನ್ನು ಬಿಟ್ಟರೆ ನನ್ನಿಂದ ಬೇರೇನೂ ಆಗುವಂತಿರಲಿಲ್ಲ. ಸ್ಟೆಪ್ನಿ ಹಾಕಿದ ಮೇಲೆ ಗಾಡಿ ಒಂದೇ ದಮ್ಮಿಗೆ ಏರು ಹತ್ತಿತು. ಒಂಬತ್ತೂಕಾಲು. ಇನ್ನೂ ತಲುಪಬಹುದಿತ್ತು.

ಟಾರು ಸಿಕ್ಕಿದ ಕೂಡಲೇ ಅಪ್ಪ ಗಾಡಿ ನಿಲ್ಲಿಸಿ ಮತ್ತೆ ಜಾಕ್ ಇಳಿಸಿದರು.

"ಈಗೆಂತ ಅಪ್ಪಯ್ಯ?"

"ಟಾರಿಗೆ ಹಳೇದೇ ಸಾಕು ಮಗಾ. ಹೊಸದು ಸುಮ್ನೆ ಸವೀತದೆ."

ನಾನು ಸರ್ಟಿಫಿಕೇಟುಗಳ ಫೈಲು ಹಿಡಿದು ಮೋರಿಕಟ್ಟೆಯ ಮೇಲೆ ಕೂತೆ. ಹತ್ತಕ್ಕೆ ತಲುಪುವ ಆಸೆ ಇನ್ನಿರಲಿಲ್ಲ. ಅಪ್ಪ ಪಂಚೆಯ ತುದಿಯಿಂದ ಸ್ಟೆಪ್ನಿಯ ಕೆಸರು ಒರೆಸುತ್ತಿದ್ದರು. ಕುಂಕುಮ ಹೋಗಿಬಿಟ್ಟಿತ್ತು.